ಆ ಕ್ಯಾಂಪಿಗೆ ದುಡ್ಡು ಕಟ್ಟಬೇಡ

ಲಂಡನ್
ಭಾನುವಾರ ರಾತ್ರಿ

ಅಕ್ಕ,

ನಾವಿಲ್ಲಿ ಕ್ಷೇಮ. ಅಲ್ಲಿ ಅಮ್ಮ, ಭಾವ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಇವರಿಗೆ ಸ್ವಲ್ಪ ನೆಗಡಿ, ಗಾಬರಿ ಏನಿಲ್ಲ. ನಿನ್ನ ಪತ್ರ ಓದಿ ಫೋನ್ ಮಾಡೋಣ ಅನ್ನಿಸಿತು. ಆದರೆ ಭಾವ ಪಕ್ಕದಲ್ಲೇ ಕೂತಿರುತ್ತಾರೆ, ನೀನು ಹೂಂ ಹೂಂ ಅಂತೀಯ, ಅಲ್ಲಿಗೆ ಮಾತು ಮುಗಿಯುತ್ತೆ. ಅದಕ್ಕೇ ಬರೆಯುತ್ತಿದ್ದೇನೆ.

ಎರಡು ದಿನ ಮ್ಯೂಸಿಕ್ ಕೇಳಿಸಿ ಮಕ್ಕಳ ಮಿದುಳು ಚುರುಕು ಮಾಡ್ತೀವಿ ಅನ್ನೋ ಆ ಮಿಡ್‌ಬ್ರೈನ್ ಆಕ್ಟಿವೇಷನ್ ಕ್ಯಾಂಪಿಗೆ ಚೇತುನ ಸೇರಿಸೋಕೆ ಇಪ್ಪತ್ತೈದು ಸಾವಿರ ಕಟ್ಟಬೇಡ. ಅಡ್ವಾನ್ಸ್ ಕೊಟ್ಟಿದ್ದರೆ ವಾಪಸ್ ಕೇಳು. ಕೊಡಲ್ಲ ಅಂದರೆ ಅದು ಹೋಗಲಿ, ಬಾಕಿ ಮಾತ್ರ ಕಟ್ಟಬೇಡ. ಅದು ಅಮ್ಮನ ಕಣ್ಣಿನ ಆಪರೇಷನ್‌ಗೆ ಅಂತ ಎತ್ತಿದ ಚೀಟಿ ದುಡ್ಡು ಅಲ್ವಾ?

ಆ ಕ್ಯಾಂಪಿನ ಒಬ್ಬ ಹುಡುಗಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪೇಪರ್ ಓದಿದಳು ಅಂತ ಬರೆದಿದ್ದೀಯ. ಓದಿರುತ್ತಾಳೆ. ಮೂಗಿನ ಪಕ್ಕ ಸಂದಿ ಉಳಿಯುತ್ತಲ್ಲ, ಅಲ್ಲಿಂದ ಕೆಳಗೆ ಎಲ್ಲ ಕಾಣುತ್ತೆ. ನೀನೇ ಒಂದು ಕರ್ಚೀಫ್ ಕಟ್ಟಿಕೊಂಡು ನೋಡು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ಇದನ್ನೇ ಎಲ್ಲರೆದುರು ಬಯಲು ಮಾಡಿದ್ದರು. ಮಕ್ಕಳನ್ನು ಬೈಯೋ ಹಾಗಿಲ್ಲ, ಪಾಪ. ಮನೆಯವರು ಅಷ್ಟು ದುಡ್ಡು ಸುರಿದಿದ್ದಾರೆ ಅಂತ ಗೊತ್ತಾದ ಮೇಲೆ ಯಾವ ಮಗು ತಾನೇ ಸಂದಿಯಿಂದ ಕಾಣಿಸ್ತಿದೆ ಅಂತ ಬಾಯಿ ಬಿಡುತ್ತೆ?

ಮಿಡ್‌ಬ್ರೈನ್ ಅನ್ನೋದು ಇರುವುದೇನೋ ನಿಜ. ಮಿದುಳಿನ ಅಡಿಯಲ್ಲಿ ಹೆಚ್ಚುಕಡಿಮೆ 2 ಸೆಂಟಿಮೀಟರಿನಷ್ಟು ಜಾಗ. ಕಣ್ಣು ಆಡಿಸೋಕೆ, ಸದ್ದು ಬಂದ ಕಡೆ ತಿರುಗೋಕೆ, ಎಚ್ಚರವಾಗಿರೋಕೆ ಅದು ಬೇಕು. ಚೇತು ಬೆಳಿಗ್ಗೆ ಎದ್ದು ನಿನ್ನ ಜೊತೆ ಜಗಳಕ್ಕೆ ನಿಲ್ಲುತ್ತಾನೆ ಅಂದರೆ ಅವನದು ಆಕ್ಟಿವೇಟ್ ಆಗಿಯೇ ಇದೆ. ದೊಡ್ಡಪ್ಪನಿಗೆ ಪಾರ್ಕಿನ್ಸನ್ ಬಂದು ಕೈ ನಡುಗಿ, ಲೋಟದ ಕಾಫಿಯೆಲ್ಲ ಪಂಚೆ ಮೇಲೆ ಚೆಲ್ಲಿಕೊಳ್ಳುತ್ತಿದ್ದರಲ್ಲ, ಇದೇ ಮಿಡ್‌ಬ್ರೈನಿನಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ತಯಾರಿಸುವ ಜೀವಕೋಶಗಳು ಸಾಯುವುದರಿಂದ ಬರುವ ಕಾಯಿಲೆ ಅದು. ಎರಡು ದಿನ ಮ್ಯೂಸಿಕ್ ಹಾಕಿ ಅದನ್ನು ಚುರುಕು ಮಾಡೋಕೆ ಬರುತ್ತಿದ್ದರೆ ಡಾಕ್ಟರುಗಳು ಸುಮ್ನೆ ಕೂರುತ್ತಿದ್ದರಾ?

ಇಲ್ಲಿಯವರೇನು ಮಹಾ ಜಾಣರು ಅಂದುಕೊಳ್ಳಬೇಡ. ಬ್ರೈನ್ ಜಿಮ್ ಅಂತ ಒಂದಿತ್ತು. ಎದೆಯ ಮೇಲೆ, ಕತ್ತಿನ ಮೂಳೆಯ ಕೆಳಗೆ ಬೆರಳಿಂದ ಉಜ್ಜಿದರೆ ಮಿದುಳಿಗೆ ರಕ್ತ ಚೆನ್ನಾಗಿ ಹೋಗುತ್ತೆ ಅಂತ ಬ್ರಿಟನ್ನಿನ ಎಷ್ಟೋ ಶಾಲೆಗಳಲ್ಲಿ ಮಕ್ಕಳ ಕೈಲಿ ಮಾಡಿಸುತ್ತಿದ್ದರು. 2008ರಲ್ಲಿ ವಿಜ್ಞಾನಿಗಳ ಸಂಘಗಳೇ ಮುಂದೆ ಬಂದು ಇದಕ್ಕೆ ಆಧಾರವಿಲ್ಲ ಅಂದವು. ಸೂಟು ಬೂಟಿನವರಿಗೂ ಟೋಪಿ ಹಾಕಬಹುದು.

ನಾನು ಸಹಾಯಕ್ಕೆ ಹೋಗುವ ತರಗತಿಯಲ್ಲಿ ಮಾತ್ರ ಮಿದುಳಿನ ಪಾಠ ಚೆನ್ನಾಗಿ ನಡೆಯುತ್ತೆ. ಒಂಬತ್ತು ವರ್ಷದ ಮಕ್ಕಳು, ಎಲ್ಲ ಜಮಖಾನದ ಮೇಲೆ ಕೂರುತ್ತವೆ. ಹೆಬ್ಬೆರಳು ಒಳಗೆ ಮಡಚಿ ಮೇಲೆ ನಾಲ್ಕು ಬೆರಳು ಮುಚ್ಚಿದರೆ ಮಿದುಳು. ಒಳಗಿನ ಹೆಬ್ಬೆರಳು ಹೆದರಿಕೆ, ಸಿಟ್ಟಿನ ಜಾಗ. ಮೇಲಿನ ಬೆರಳು ಯೋಚನೆ ಮಾಡುವ ಭಾಗ. ಸಿಟ್ಟು ನೆತ್ತಿಗೇರಿದರೆ ಬೆರಳು ಬಿಚ್ಚಿಕೊಳ್ಳುತ್ತೆ. ನಿಜವಾದ ಮಿದುಳು ಅಷ್ಟು ಸುಲಭ ಅಲ್ಲ, ಮಕ್ಕಳಿಗೆ ಅಷ್ಟು ಸಾಕು. ಮೊನ್ನೆ ಫುಟ್‌ಬಾಲ್‌ನಲ್ಲಿ ಸೋತು ಬಂದ ಹುಡುಗನೊಬ್ಬ ಕೈ ಅಗಲಿಸಿ ತೋರಿಸಿ, ಮಿಸ್, ನನ್ನ ಬೆರಳು ಬಿಚ್ಚಿದೆ, ಐದು ನಿಮಿಷ ಬಿಟ್ಟು ಬೈಯಿರಿ ಅಂದ! ನಮ್ಮ ಮೇಷ್ಟ್ರಿಗೆ ಹೀಗೆ ಹೇಳಿದ್ದರೆ ಅವರ ಬೆರಳೂ ಬಿಚ್ಚುತ್ತಿತ್ತು, ನಮ್ಮ ಕೆನ್ನೆ ಮೇಲೆ.

ಲಂಡನ್ನಿನ ಟ್ಯಾಕ್ಸಿಯವರ ಕತೆಯನ್ನೂ ಹೇಳಿಕೊಡುತ್ತಾರೆ. ಕರಿ ಟ್ಯಾಕ್ಸಿ ಓಡಿಸೋಕೆ ಸುಮಾರು 25,000 ರಸ್ತೆ ಬಾಯಲ್ಲಿರಬೇಕು. ಕಲಿಯೋಕೆ ಮೂರು ನಾಲ್ಕು ವರ್ಷ ಬೇಕು. ಇಲ್ಲಿನ ಯೂನಿವರ್ಸಿಟಿ ಕಾಲೇಜಿನವರು ಕಲಿಯೋಕೆ ಸೇರಿದವರ ಮಿದುಳನ್ನು ಮೊದಲೂ ಆಮೇಲೂ ಸ್ಕ್ಯಾನ್ ಮಾಡಿ 2011ರಲ್ಲಿ ಬರೆದರು. ಶುರುವಿನಲ್ಲಿ ಎಲ್ಲರದೂ ಒಂದೇ ಥರ ಇತ್ತು. ಕಲಿತು ಪಾಸಾದವರಲ್ಲಿ ಮಾತ್ರ ಹಿಪ್ಪೊಕ್ಯಾಂಪಸ್ ಅನ್ನೋ ನೆನಪಿನ ಭಾಗ ಹಿಂದುಗಡೆ ದಪ್ಪಗಾಗಿತ್ತು. ದೊಡ್ಡವರಿಗೇ ಹೀಗಾದರೆ ಏಳನೇ ಕ್ಲಾಸಿನ ಹುಡುಗನ ತಲೆಗೆ ಹತ್ತೋದೇ ಇಲ್ಲ ಅಂತ ಭಾವ ಹೇಗೆ ತೀರ್ಮಾನ ಮಾಡಿದರು? ಅದೂ ಅವನ ಎದುರಿಗೇ. ದಡ್ಡ ಅನ್ನೋದನ್ನು ಮೊದಲು ನಿಲ್ಲಿಸಿ.

ದಿನಾ ಮೂರು ಗಂಟೆ ಓದ್ತಾನೆ, ಪರೀಕ್ಷೇಲಿ ಮರೀತಾನೆ ಅಂದಿದ್ದೀಯ. ಅದೇ ಪುಟ ಹತ್ತು ಸಲ ಓದುತ್ತಿರುತ್ತಾನೆ, ನಾನು ನೋಡಿದ್ದೇನಲ್ಲ. ಓದುವಾಗ ಎಲ್ಲ ಬಂತು ಅನ್ನಿಸುತ್ತೆ, ಅದೇ ಮೋಸ. ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿರುವುದನ್ನು ಬರೆಯಲಿ. ಬಾರದ್ದನ್ನು ಮಾತ್ರ ತೆಗೆದು ನೋಡಲಿ. ನಾಲ್ಕು ದಿನ ಬಿಟ್ಟು ಮತ್ತೆ ಬರೆಯಲಿ. ಅಮೆರಿಕದಲ್ಲಿ 2006ರಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದು, ವಾರದ ನಂತರ ಕೇಳಿದರೆ ಮುಚ್ಚಿಟ್ಟು ನೆನಪಿಸಿಕೊಂಡವರು ಮುಂದು. ಅಜ್ಜ ದೀಪ ಹಚ್ಚಿದ ಮೇಲೆ ಕೂರಿಸಿಕೊಂಡು ಮಗ್ಗಿಯನ್ನು, ಸಾಲಾಗಿ ಅಲ್ಲ, ಎಲ್ಲೆಲ್ಲಿಂದಲೋ, ಏಳೆಂಟ್ಲ ಎಷ್ಟೇ ಅಂತ ತಟ್ಟನೆ ಕೇಳುತ್ತಿದ್ದರಲ್ಲ, ಅದೇ ಇದು. ಅಮ್ಮನ ಕೈಗೆ ಪುಸ್ತಕ ಕೊಡು, ಅವಳು ಕೇಳಲಿ. ಕಣ್ಣು ಸರಿಹೋದ ಮೇಲೆ ಇನ್ನೂ ಚೆನ್ನಾಗಿ ಕೇಳುತ್ತಾಳೆ.

ರಾತ್ರಿ ಹನ್ನೊಂದರವರೆಗೆ ಕೂರಿಸಿ ಐದಕ್ಕೆ ಎಬ್ಬಿಸಬೇಡ. ಆ ವಯಸ್ಸಿಗೆ ಕಡಿಮೆ ಅಂದರೂ 9 ಗಂಟೆ ನಿದ್ದೆ ಬೇಕು. ಓದಿದ್ದು ಗಟ್ಟಿಯಾಗೋದೇ ಆಗ.

ನನಗೆ ಸಿಟ್ಟಿಲ್ಲ ಅಕ್ಕ, ನಿಜವಾಗಿ ಇಲ್ಲ. ಭಾವನ ಮೇಲೂ ಇಲ್ಲ. ಚೇತುಗೆ ಏನೂ ಆಗಿಲ್ಲ, ಖಂಡಿತ ಏನೂ ಆಗಿಲ್ಲ, ಗಣಿತ ಒಂದು ಸ್ವಲ್ಪ ಹಿಂದಿದೆ ಅಷ್ಟೇ, ಅದು ಬರುತ್ತೆ. ಹತ್ತನೇ ತಾರೀಖಿಗೆ ಸಂಬಳ ಆಗುತ್ತೆ, ನಾನೂ ಹತ್ತು ಸಾವಿರ ಹಾಕುತ್ತೇನೆ, ಅಮ್ಮನ ಆಪರೇಷನ್‌ಗೆ ಡೇಟ್ ತಗೊಂಡುಬಿಡು. ಅಮ್ಮನಿಗೆ ಈ ಕ್ಯಾಂಪಿನ ವಿಷಯ ಹೇಳೋದು ಬೇಡ. ಕುಕ್ಕರ್ ಕೂಗುತ್ತಿದೆ, ಇವರು ಮಲಗಿಬಿಟ್ಟಿದ್ದಾರೆ. ಅಡ್ವಾನ್ಸ್ ಏನಾಯಿತು ಅಂತ ನಾಳೆಯೇ ಮೆಸೇಜ್ ಹಾಕು.

ನಿನ್ನ,
ಸುಮ