ರಾತ್ರಿ 12:10ರ ಗೊಂದಲದಿಂದ ತಪ್ಪಿದ ಬಸ್ಸು: ಟಿಕೆಟ್ ಆ್ಯಪ್‌ನ ವಿನ್ಯಾಸದ ಬಗ್ಗೆ ದೂರು

ಶಿರಸಿ, ಉತ್ತರ ಕನ್ನಡ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಎರಡು ಸ್ಲೀಪರ್ ಟಿಕೆಟ್‌ಗಳ ಹಣ ವಾಪಸಾತಿ ಮತ್ತು ಆ್ಯಪ್ ತಿದ್ದುಪಡಿ ಕುರಿತು

ಮಾನ್ಯರೇ,

ಅಪ್ಪಯ್ಯನ ಕಣ್ಣಿನ ಪೊರೆಯ ಆಪರೇಷನ್ ಮುಗಿಸಿಕೊಂಡು ಬೆಂಗಳೂರಿನಿಂದ ಶಿರಸಿಗೆ ಮರಳಲು ನಮ್ಮ ಆಯಿ (ತಾಯಿ) ನಿಮ್ಮ ಆ್ಯಪ್‌ನಲ್ಲಿ ಟಿಕೆಟ್ ಮಾಡಿದ್ದರು. ಹೊರಡಬೇಕಿದ್ದದ್ದು 14ರ ಶನಿವಾರ ರಾತ್ರಿ. ಹಾಗಾಗಿ 14ನ್ನೇ ಒತ್ತಿದರು. ಪಟ್ಟಿಯಲ್ಲಿ ಮೊದಲು ಕಂಡದ್ದು ‘ಪೂರ್ವಾಹ್ನ 12:10’ರ, ಅಂದರೆ 12:10 AMನ ಬಸ್ಸು. ಶನಿವಾರ ಊಟ ಮುಗಿಸಿ, ಹನ್ನೊಂದೂವರೆಗೇ ಇಬ್ಬರೂ ಹೋಗಿ ರಸ್ತೆ ಬದಿಯಲ್ಲಿ ನಿಂತರು. ಅಪ್ಪಯ್ಯ ಕಪ್ಪು ಕನ್ನಡಕದಲ್ಲಿ, ಆಯಿಯ ಕೈಯಲ್ಲಿ ಎರಡು ಚೀಲ, ಔಷಧದ ಡಬ್ಬಿ. ರಾತ್ರಿ ಒಂದಾದರೂ ಬಸ್ಸು ಬರಲಿಲ್ಲ. ಫೋನ್ ಮಾಡಿದರೆ, ಅದು ಹಿಂದಿನ ರಾತ್ರಿಯೇ ಹೋಗಿಯಾಗಿದೆ ಎಂಬ ಉತ್ತರ.

‘ದಿನಾಂಕ ಆರಿಸಿದ್ದು ನೀವೇ’ ಎಂದು ನಿಮ್ಮವರು ಫೋನ್ ಇಟ್ಟರು. ಆ ಮಾತನ್ನು ನಾನು ಒಪ್ಪುವುದಿಲ್ಲ. ಶಿರಸಿಯಲ್ಲೇ ಕುಳಿತು ಆ್ಯಪ್‌ಗಳ ಪರದೆ ವಿನ್ಯಾಸ ಮಾಡುವುದು ನನ್ನ ಹೊಟ್ಟೆಪಾಡು. ಆಯಿಯನ್ನು ತಪ್ಪಿಗೆ ನೂಕಿದ್ದು ನಿಮ್ಮ ಪರದೆ.

ನಮ್ಮಲ್ಲಿ ಬೆಳಕು ಹರಿದ ಮೇಲೆಯೇ ಮರುದಿನ. ಪಂಚಾಂಗದಲ್ಲೂ ವಾರ ಬದಲಾಗುವುದು ಸೂರ್ಯೋದಯಕ್ಕೇ. ಶುಕ್ರವಾರ ಮಲಗುವ ಹೊತ್ತನ್ನು ಯಾರೂ ಶನಿವಾರ ಎನ್ನುವುದಿಲ್ಲ. ಅದಕ್ಕೆ ‘ಪೂರ್ವಾಹ್ನ’ ಎಂಬ, ಮನೆಯಲ್ಲಿ ಯಾರೂ ಆಡದ ಶಬ್ದ ಬೇರೆ. ಬಳಸುವವರ ಮಾತಿನಲ್ಲಿ ಮಾತಾಡಬೇಕು, ತಪ್ಪಾದ ಮೇಲೆ ಬಯ್ಯುವ ಬದಲು ತಪ್ಪೇ ಆಗದಂತೆ ಕಟ್ಟಬೇಕು ಎಂಬೆರಡೂ ಪರದೆಗಳ ಬಳಕೆ ಸುಲಭವಾಗಿಸುವ ವಿದ್ಯೆಯ ತಜ್ಞ ಜೇಕಬ್ ನೀಲ್ಸನ್ 1994ರಲ್ಲಿ ಕೊಟ್ಟ ಹತ್ತು ಸೂತ್ರಗಳಲ್ಲೇ ಇವೆ. ಹಣ ಕಟ್ಟುವ ಮುಂಚೆ ‘ಶುಕ್ರವಾರ ಮಧ್ಯರಾತ್ರಿ ಕಳೆದು 12:10ಕ್ಕೆ, ಅಂದರೆ 13ರ ರಾತ್ರಿಯೇ ಬಂದು ನಿಲ್ಲಿ’ ಎಂದು ಒಂದು ಸಾಲು ತೋರಿಸಿದ್ದರೆ ಸಾಕಿತ್ತು. ಕಾರವಾರದಲ್ಲಿ ರೈಲು ಹತ್ತುವವರ ಟಿಕೆಟ್ಟಿನಲ್ಲಿ 24 ಗಂಟೆಯ ಲೆಕ್ಕ ಇರುತ್ತದೆ, ಹಗಲೋ ರಾತ್ರಿಯೋ ಎಂಬ ಅನುಮಾನಕ್ಕೆ ಅಲ್ಲಿ ಜಾಗವಿಲ್ಲ.

ಆ್ಯಪ್ ತೆರೆದು ಕುಳಿತರೆ ಇನ್ನೂ ಸಿಗುತ್ತವೆ. ‘ಸಿರ್ಸಿ’ ಎಂದು ಬರೆದರೆ ಊರೇ ಇಲ್ಲ ಎನ್ನುತ್ತದೆ, ‘ಶಿರಸಿ’ ಎಂದೇ ಬರೆಯಬೇಕು. ಇಲ್ಲಿಯವರು ಎರಡನ್ನೂ ಬರೆಯುತ್ತಾರೆ. ಟಿಕೆಟ್ ಬುಕ್ ಮಾಡುವ ಗುಂಡಿಯ ಮೇಲೆ ‘ಪುಸ್ತಕ’ ಎಂದಿದೆ! ಕನ್ನಡ ಬಲ್ಲ ಒಬ್ಬರಾದರೂ ಆ ಪರದೆಯನ್ನು ಒಮ್ಮೆ ಓದಿ ನೋಡಿದ್ದರೆ ಅದು ಉಳಿಯುತ್ತಿರಲಿಲ್ಲ. ಖಾಲಿ ಸೀಟಿಗೂ ತುಂಬಿದ ಸೀಟಿಗೂ ತಿಳಿಬೂದು, ತಿಳಿಹಸಿರು ಎಂಬಷ್ಟೇ ವ್ಯತ್ಯಾಸ. ಬಿಳಿಯ ಮೇಲೆ ಬೂದು ಬಣ್ಣದಲ್ಲಿ ಬರೆದ ಸಮಯ ಅಪ್ಪಯ್ಯನಿಗಿರಲಿ, ನನಗೇ ಬಿಸಿಲಲ್ಲಿ ಕಾಣಲಿಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ಅನುಪಾತದ ವ್ಯತ್ಯಾಸ ಬೇಕೆಂದು WCAG ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಬಣ್ಣ ಒಂದನ್ನೇ ನೆಚ್ಚಬೇಡಿ, ತುಂಬಿದ ಸೀಟಿನ ಮೇಲೆ ಒಂದು ಗೀಟಾದರೂ ಹಾಕಿ.

ಆಯಿ ಈಗ ‘ನಂಗೆ ಮೊಬೈಲು ಬ್ಯಾಡ’ ಎನ್ನುತ್ತಿದ್ದಾರೆ. ಮಗಳ ಹಂಗಿಲ್ಲದೆ ತಾನೇ ಟಿಕೆಟ್ ಮಾಡಲು ಕಲಿತ ಹೆಂಗಸು ಅವರು. ನನಗೆ ಹೆಚ್ಚು ನೋವಾದದ್ದು ಇದಕ್ಕೆ.

ಎರಡು ಟಿಕೆಟ್ಟಿನ ಪೂರ್ತಿ ಹಣವನ್ನು, ಜೊತೆಗೆ ಮರುದಿನ ಅವರು ಮಾಡಿಕೊಂಡ ಹೊಸ ಟಿಕೆಟ್ಟಿನ ಖರ್ಚನ್ನು ಮರಳಿಸಿ. ಮಧ್ಯರಾತ್ರಿಯ ಬಸ್ಸುಗಳ ದಿನಾಂಕ ತೋರಿಸುವ ರೀತಿಯನ್ನು ಯಾವಾಗ ಬದಲಿಸುತ್ತೀರಿ ಎಂದು ಬರೆದು ತಿಳಿಸಿ. 15 ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. ಟಿಕೆಟ್‌ಗಳ ಪ್ರತಿ ಮತ್ತು ಪರದೆಯ ಚಿತ್ರಗಳನ್ನು ಲಗತ್ತಿಸಿದ್ದೇನೆ.

ಇಂತಿ,
ಶಿರಸಿಯ ನಿಮ್ಮ ಗ್ರಾಹಕಿ