ಹೊಕ್ಕುಳ ಸುತ್ತ ನೇರಳೆ ಕಲೆ: ಸ್ಟಿರಾಯ್ಡ್ ಏರಿಸುವ ಮುನ್ನ

ಮಾನ್ಯರೇ,

ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರ ಹೊಟ್ಟೆಯ ಮೇಲೆ ನೇರಳೆ ಕಲೆ ಎದ್ದರೆ, ಔಷಧದ ಅಲರ್ಜಿಯೋ ರಕ್ತನಾಳದ ಉರಿಯೂತವೋ ಎಂದು ಬಗೆದು ಸ್ಟಿರಾಯ್ಡ್ ಪ್ರಮಾಣ ಏರಿಸುವುದುಂಟು. ಕಾರಣ ಸ್ಟ್ರಾಂಗೈಲಾಯ್ಡಿಸ್ ಎಂಬ ಕರುಳಿನ ಹುಳುವಾಗಿದ್ದರೆ ಆ ಏರಿಕೆಯೇ ಜೀವಕ್ಕೆ ಎರವಾಗುತ್ತದೆ.

ಬರಿಗಾಲಲ್ಲಿ ಹಸಿಮಣ್ಣು ತುಳಿದವರ ಚರ್ಮ ತೂರಿ ಈ ಹುಳು ಒಳಸೇರುತ್ತದೆ. ಕರುಳಲ್ಲಿ ಹುಟ್ಟಿದ ಮರಿಗಳು ಅಲ್ಲಿಂದಲೇ ಮತ್ತೆ ದೇಹ ಹೊಕ್ಕುವುದರಿಂದ ಸೋಂಕು ತಾನಾಗಿ ಮುಗಿಯದು. ಎರಡನೇ ಮಹಾಯುದ್ಧದಲ್ಲಿ ಬರ್ಮಾ–ಥಾಯ್ಲೆಂಡ್ ರೈಲುಮಾರ್ಗಕ್ಕೆ ದುಡಿದ ಕೈದಿಗಳಲ್ಲಿ ದಶಕಗಳ ನಂತರವೂ ಇದು ಪತ್ತೆಯಾಗಿದೆ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್, ಅಂಗಾಂಗ ಕಸಿಯ ನಂತರದ ಔಷಧ, ಕಿಮೊಥೆರಪಿಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಮರಿಗಳು ಮಿತಿಮೀರಿ ಶ್ವಾಸಕೋಶ, ಮಿದುಳು, ಚರ್ಮಕ್ಕೆ ಹರಡುತ್ತವೆ.

ಪೃಷ್ಠ, ತೊಡೆ, ಸೊಂಟದಲ್ಲಿ ತುರಿಸುವ ಕೆಂಪು ಅಂಕುಡೊಂಕು ಗೆರೆ ಕಂಡರೆ ಅದರ ತುದಿಗೆ ಪೆನ್ನಿನಲ್ಲಿ ಗುರುತು ಹಾಕಿ ಒಂದು ಗಂಟೆ ಬಿಟ್ಟು ನೋಡಿ. ಈ ಹುಳುವಿನದಾದರೆ ಗೆರೆ ಗಂಟೆಗೆ 5–10 ಸೆಂ.ಮೀ. ಮುಂದೆ ಸರಿಯುತ್ತದೆ, ನಾಯಿಯ ಕೊಕ್ಕೆಹುಳುವಿನದು ಇಡೀ ದಿನಕ್ಕೆ ಒಂದೆರಡು ಸೆಂ.ಮೀ. ಮಾತ್ರ. ನಿಜಕ್ಕೂ ಹೆದರಬೇಕಾದದ್ದು ಹೊಕ್ಕುಳ ಸುತ್ತ ಹೆಬ್ಬೆಟ್ಟು ಒತ್ತಿದಂತೆ ಮೂಡುವ ನೇರಳೆ ಮಚ್ಚೆಗಳಿಗೆ. ಅವು ತೊಡೆಯ ಮೇಲ್ಭಾಗಕ್ಕೂ ಇಳಿಯುತ್ತವೆ. ಮರಿಗಳು ಸಣ್ಣ ರಕ್ತನಾಳಗಳನ್ನು ತೂರಿ ರಕ್ತ ಹೊರಬಂದಿರುವುದರಿಂದ ಬೆರಳಿನಿಂದ ಒತ್ತಿದರೂ ಬಣ್ಣ ಮಾಯವಾಗದು.

ಹುಳುಬಾಧೆಯಲ್ಲಿ ಸಾಮಾನ್ಯವಾಗಿ ಹೆಚ್ಚುವ ಬಿಳಿ ರಕ್ತಕಣವಾದ ಇಯೋಸಿನೋಫಿಲ್ ಎಣಿಕೆ ಸಹಜವಿದೆಯೆಂದು ಸಮಾಧಾನಪಡಬೇಡಿ. ಸ್ಟಿರಾಯ್ಡ್ ಅದನ್ನು ಅಡಗಿಸುತ್ತದೆ. ಅದೇ ದಿನ ಮಲ ಮತ್ತು ಕಫದ ಹಸಿ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಮಚ್ಚೆಯಿಂದ 4 ಮಿ.ಮೀ. ಪಂಚ್ ಬಯಾಪ್ಸಿ (ಪರೀಕ್ಷೆಗೆ ಚರ್ಮದ ಸಣ್ಣ ತುಣುಕು) ತೆಗೆಯಬೇಕು. ಮಲ ಒಮ್ಮೆ ಶುದ್ಧವೆಂದು ಬಂದರೆ ಸಾಲದು, ಬೇರೆ ಬೇರೆ ದಿನಗಳಲ್ಲಿ ಕನಿಷ್ಠ ಮೂರು ಮಾದರಿ ಬೇಕು. ಮರಿಗಳು ಕರುಳಿನ ಬ್ಯಾಕ್ಟೀರಿಯಾಗಳನ್ನು ರಕ್ತಕ್ಕೆ ಹೊತ್ತೊಯ್ಯುವುದರಿಂದ ರಕ್ತದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಕೂಡ ಅಗತ್ಯ. ಮೂಲ ತಿಳಿಯದೆ ಇ. ಕೋಲೈ, ಕ್ಲೆಬ್ಸಿಯೆಲ್ಲಾದಂಥ ಕರುಳಿನ ಬ್ಯಾಕ್ಟೀರಿಯಾಗಳ ಸೋಂಕು ರಕ್ತದಲ್ಲಿ ಮರುಕಳಿಸುತ್ತಿದ್ದರೆ ಈ ಹುಳುವನ್ನು ಶಂಕಿಸಲೇಬೇಕು.

ಚಿಕಿತ್ಸೆಗೆ ಹುಳು ಕೊಲ್ಲುವ ಔಷಧ ಐವರ್‌ಮೆಕ್ಟಿನ್: ಪ್ರತಿ ಕಿಲೋ ತೂಕಕ್ಕೆ 200 ಮೈಕ್ರೋಗ್ರಾಂ, ಅಂದರೆ 60 ಕಿಲೋ ಇರುವವರಿಗೆ 12 ಮಿ.ಗ್ರಾಂ. ಹರಡಿದ ಸೋಂಕಿನಲ್ಲಿ ಒಂದೆರಡು ದಿನಕ್ಕೆ ನಿಲ್ಲಿಸುವಂತಿಲ್ಲ. ಮಲ, ಕಫದಲ್ಲಿ ಸತತ ಎರಡು ವಾರ ಮರಿಗಳು ಕಾಣದಿರುವವರೆಗೆ ದಿನವೂ ಕೊಡಬೇಕು, ಜೊತೆಗೆ ಆ್ಯಂಟಿಬಯಾಟಿಕ್. ಸ್ಟಿರಾಯ್ಡನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು. ರೋಗಿಗಳು ತಾವಾಗಿ ಹಠಾತ್ತನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿಯುವ ಅಪಾಯವಿದೆ.

‘ಜಂತುಮಾತ್ರೆ ನುಂಗಿದ್ದೇನೆ’ ಎಂಬುದು ಇಲ್ಲಿ ರಕ್ಷಣೆಯಲ್ಲ. ಜಂತುಹುಳು ನಿವಾರಣಾ ದಿನ ಕೊಡುವ 400 ಮಿ.ಗ್ರಾಂ. ಆಲ್ಬೆಂಡಜೋಲ್‌ನ ಒಂದೇ ಮಾತ್ರೆಗೆ ಈ ಹುಳು ಬಗ್ಗದು. ಗದ್ದೆ, ತೋಟದಲ್ಲಿ ಬರಿಗಾಲಲ್ಲಿ ದುಡಿದವರು ದೀರ್ಘಕಾಲದ ಸ್ಟಿರಾಯ್ಡ್ ಶುರುಮಾಡುವ ಮೊದಲೇ ಅದನ್ನು ವೈದ್ಯರಿಗೆ ತಿಳಿಸಿ, ಈ ಹುಳುವಿನ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಲಿ.

– ಚರ್ಮರೋಗ ವೈದ್ಯರು, ಶಿವಮೊಗ್ಗ