ಒಂದು ಕಂಬಕ್ಕೆ ಬೆಳಕು, ನಾಲ್ಕಕ್ಕೆ ಕತ್ತಲು: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಮೊದಲು ಥ್ಯಾಂಕ್ಸ್ ಹೇಳಿಬಿಡುತ್ತೇನೆ. ನಮ್ಮ ಮನೆ ಮುಂದಿನ ಬೀದಿದೀಪ ಉರಿಯುತ್ತಿದೆ. ನಿಮ್ಮ ಮನೆಯಿಂದ ಹೋದ ಒಂದೇ ಫೋನಿಗೆ ಉರಿಯಿತು. ಈ ಪತ್ರ ಬರೆಯುತ್ತಿರುವುದೂ ಅದಕ್ಕೇ.

ಗೌರಿ ಹಬ್ಬದ ಹಿಂದಿನ ವಾರ ನಮ್ಮ ಅಡ್ಡರಸ್ತೆಯ ಐದೂ ದೀಪ ಕೆಟ್ಟವು. ದೂರು ಕೊಟ್ಟೆ, ನಂಬರ್ ಬಂತು. ನಾಲ್ಕನೇ ದಿನ 'ಸಮಸ್ಯೆ ಪರಿಹಾರವಾಗಿದೆ' ಅಂತ ಮೆಸೇಜ್. ಹೊರಗೆ ಬಂದು ನೋಡಿದರೆ ಕಗ್ಗತ್ತಲು. ಮತ್ತೆ ಕೊಟ್ಟೆ. ಈ ಸಲ ಫೋಟೋನೂ ಬಂತು. ಝಗಮಗ ಉರಿಯುವ ದೀಪ, ಕೆಳಗೆ ಎಳನೀರಿನ ಗಾಡಿ. ನಮ್ಮ ರಸ್ತೆಯಲ್ಲಿ ಎಳನೀರಿನವನೇ ಇಲ್ಲ ಸಾರ್! ಮೂರನೇ ದೂರಿಗೆ ಮೆಸೇಜೂ ಇಲ್ಲ. ಅಷ್ಟರಲ್ಲಿ ನಮ್ಮ ಯಜಮಾನರು ಎದ್ದುನಿಂತ ಚಪ್ಪಡಿ ಎಡವಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡರು. ಮಗಳು ಕೆಲಸ ಮುಗಿಸಿ ಬರುವುದು ರಾತ್ರಿ ಹತ್ತೂವರೆಗೆ. ದಿನಾ ನಾನೇ ಟಾರ್ಚ್ ಹಿಡಿದು ಮೇನ್ ರೋಡಿಗೆ ಹೋಗಿ ಕರೆದುಕೊಂಡು ಬರುತ್ತಿದ್ದೆ.

ಮೊದಲಾದರೆ ಕಾರ್ಪೊರೇಟರ್ ಮನೆ ಬಾಗಿಲಿಗೆ ಹೋಗುತ್ತಿದ್ದೆವು. ಬೆಂಗಳೂರಿನಲ್ಲಿ ಅವರ ಅವಧಿ 2020ರ ಸೆಪ್ಟೆಂಬರ್ 10ಕ್ಕೇ ಮುಗಿಯಿತು. ಆಮೇಲೆ 198 ವಾರ್ಡ್ ಹೋಗಿ 243 ಅಂದರು, 225 ಅಂದರು, 2025ರಲ್ಲಿ ಒಂದು ಪಾಲಿಕೆ ಐದಾಯಿತು. ಆಗಲೂ ಕಾರ್ಪೊರೇಟರ್ ಮಾತ್ರ ಬರಲಿಲ್ಲ. ಹಾಗಾಗಿ ನಿಮ್ಮ ಗೇಟಿಗೆ ಬಂದೆ.

ಬೆಳಿಗ್ಗೆ ಏಳೂವರೆಗೇ ನಲವತ್ತು ಜನ. ಒಬ್ಬರಿಗೆ ಖಾತಾ, ಒಬ್ಬರಿಗೆ ಸ್ಕೂಲ್ ಸೀಟು, ಒಬ್ಬರು ಮಗಳ ಲಗ್ನಪತ್ರಿಕೆ ಹಿಡಿದು ನಿಂತಿದ್ದರು. ಎರಡು ಗಂಟೆ ಕಾದ ಮೇಲೆ ನಿಮ್ಮ ಪಿಎ ಕೇಳಿದ ಮೊದಲ ಮಾತು: "ನಿಮ್ಮದು ಯಾವ ಬೂತ್ ಅಮ್ಮ?" ಬೂತಿಗೂ ಬಲ್ಬಿಗೂ ಏನು ಸಂಬಂಧ?

ಅವತ್ತು ಸಂಜೆಯೇ ಏಣಿ ಗಾಡಿ ಬಂತು. ಹತ್ತು ನಿಮಿಷದ ಕೆಲಸ. ಉಳಿದ ನಾಲ್ಕು ಕಂಬ ತೋರಿಸಿದೆ. "ಸಾಹೇಬ್ರ ಕಡೆಯಿಂದ ಹೇಳಿರೋದು ಇದೊಂದೇ ಅಮ್ಮ" ಅಂದು ಗಾಡಿ ತಿರುಗಿಸಿಕೊಂಡು ಹೋದರು. ಈಗ ಪಕ್ಕದ ಮನೆಯವರು, "ನಿಮಗೆ ಎಂಎಲ್ಎ ಗೊತ್ತಂತಲ್ಲ" ಅಂತ ನನ್ನ ಬಾಗಿಲಿಗೆ ಬರುತ್ತಿದ್ದಾರೆ. ನಾನೇ ಪುಟ್ಟ ಕಾರ್ಪೊರೇಟರ್ ಆಗಿಬಿಟ್ಟೆ!

ಜನರ ಕಷ್ಟ ಕೇಳಬೇಡಿ ಅನ್ನುತ್ತಿಲ್ಲ. ಖಂಡಿತ ಕೇಳಿ. ಆದರೆ ಬಲ್ಬ್ ಹಾಕಿಸುವುದು ನಿಮ್ಮ ಕೆಲಸ ಅಲ್ಲ, ನಾಳೆ ಬರುವ ಕಾರ್ಪೊರೇಟರ್ ಕೆಲಸವೂ ಅಲ್ಲ. ಮೂರು ದೂರು ಯಾಕೆ ಸತ್ತವು ಅಂತ ಕೇಳುವುದು ನಿಮ್ಮ ಕೆಲಸ. ಎಳನೀರಿನ ಫೋಟೋ ಹಾಕಿದವರು ಯಾರು ಅಂತ ಕೇಳುವುದು ನಿಮ್ಮ ಕೆಲಸ. ಪಾಲಿಕೆಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 74ನೇ ತಿದ್ದುಪಡಿ, ವಾರ್ಡ್ ಸಮಿತಿ ಎಲ್ಲ ನಿಮಗೆ ಗೊತ್ತಿರುವುದೇ, ನಾನು ಪಾಠ ಹೇಳಲು ಬಂದಿಲ್ಲ. ದೂರು ಕೊಟ್ಟವರನ್ನು ಕೇಳದೆ ದೂರು ಮುಚ್ಚುವುದನ್ನು ನಿಲ್ಲಿಸಿ. ಅಷ್ಟೇ. ಗೇಟಿಗೆ ಬಂದವರಿಗೆ ಮೊದಲು, ನಂಬರ್ ಹಿಡಿದು ಕಾದವರಿಗೆ ಆಮೇಲೆ ಅನ್ನುವುದನ್ನೂ ನಿಲ್ಲಿಸಿ. ಕೆಲಸ ತಾನಾಗೇ ಆದರೆ ನಿಮ್ಮ ಗೇಟಿಗೆ ಯಾರು ಬರುತ್ತಾರೆ ಅನ್ನುವ ಚಿಂತೆ ಇದ್ದರೆ, ಅದು ಬೇರೆ ಮಾತು.

ಉಳಿದ ನಾಲ್ಕು ಕಂಬಕ್ಕೆ ನಿನ್ನೆ ಮತ್ತೆ ದೂರು ಕೊಟ್ಟಿದ್ದೇನೆ. ನಂಬರ್ ಬಂದಿದೆ. ದಯವಿಟ್ಟು ಈ ಸಲ ಫೋನ್ ಮಾಡಬೇಡಿ. ಸುಮ್ನೆ ನೋಡುತ್ತಿರಿ, ಎಷ್ಟು ದಿನಕ್ಕೆ ಯಾವ ರಸ್ತೆಯ ಫೋಟೋ ಬರುತ್ತದೆ ಅಂತ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು
(ಬೂತ್ ಯಾವುದೆಂದು ನಿಮ್ಮ ಪಿಎಗೆ ಗೊತ್ತು)